ಸೋಡಪತ್ರ

ಮದುವೆಗೆ ಇನ್ನು ಹತ್ತು ದಿನವಿದ್ದಾಗ ಗುರುನಾಥ ಸಮಯಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲೊಂದು ತಾಸ ಖಾಲಿ ಬೇಕ್ರಿ ಮ್ಯಾಡಂ," ಎಂದ.

ಬೆರಳು ಅರಿಸಿನಕ್ಕೂ ಅಕ್ಷತೆಗೂ ನಡುವೆ ನಿಂತಿತ್ತು.

"ಖಾಲಿ ಎಲ್ಲದರಿ ಕಾಕಾ? ಒಂಬತ್ತಕ್ಕ ಅರಿಷಿಣ. ಹನ್ನೊಂದೂವರಿಗೆ ಹುಡುಗನ ಮೆರವಣಿಗಿ ಗುಡಿಗೆ. ಹನ್ನೆರಡೂ ಮೂವತ್ತೆರಡಕ್ಕ ಅಕ್ಷತಾ. ನಡುವ ಉಸರ ಬಿಡಾಕೂ ಜಾಗಾ ಇಟ್ಟಿಲ್ಲ ನಾ," ಎಂದಳು ನಂದಾ.

ನಂದಾ ಸೋಲಾಪುರದಲ್ಲಿ ಮದುವೆಗಳನ್ನು ನಡೆಸಿಕೊಡುವವಳು. ಹೋಟಗಿಯ ರೈಲ್ವೆ ಗ್ಯಾಂಗ್‌ಮನ್ ಒಬ್ಬನ ಮಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮಂಟಪದವನು, ಅಡುಗೆಯವನು, ಬ್ಯಾಂಡಿನವನು, ಪೇಟ ಸುತ್ತುವವನು, ಫೋಟೋದವನು, ಇವರೆಲ್ಲ ಒಬ್ಬರ ಕಾಲು ಒಬ್ಬರು ತುಳಿಯದ ಹಾಗೆ ಒಂದು ದಿನವನ್ನು ನಿಮಿಷ ನಿಮಿಷಕ್ಕೆ ಕತ್ತರಿಸಿ ಹಂಚುವುದು ಅವಳ ಕಸುಬು. ಅವಳು ಕೈ ಎತ್ತದೆ ಅಯ್ಯನವರು ಮಂಗಲಾಷ್ಟಕ ಶುರು ಮಾಡುವುದಿಲ್ಲ ಎಂಬ ಮಾತು ಅಕ್ಕಲಕೋಟೆಯ ಮದುವೆ ಕಾರ್ಯಾಲಯಗಳಲ್ಲೆಲ್ಲ ಇತ್ತು.

"ಇಬ್ಬರ ಹೆಣ್ಮಕ್ಕಳು, ಒಂದ ಗಾಡಿ, ಒಂದ ತಾಸು," ಎಂದ ಗುರುನಾಥ. ಅಕ್ಕಲಕೋಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ, ವಾಗದರಿಯಲ್ಲಿ ಹೊಲ ಇದ್ದವನು. ಮದುವೆ ಅವನ ಮಗ ಅಮೋಲನದು. "ನಮ್ಮಕ್ಕ ದ್ರೌಪದಿ, ತಂಗಿ ಗುರಮ್ಮ. ಇಲ್ಲೇ ಕಚೇರಿಗೆ ಹೋಗಿ ಸಹಿ ಮಾಡಿ ಬರೂದು. ಕಿರಕೋಳ ಸರಕಾರಿ ಕೆಲಸ ಅದ."

"ಹಕ್ಕಸೋಡ ಏನ್ರಿ?"

ಗುರುನಾಥ ನಕ್ಕ. "ಶ್ಯಾಣ್ಯಾಕಿ ಅದೀ ಬಿಡು."

ಅಪ್ಪನ ಹೊಲದಲ್ಲಿ ತನಗೆ ಬರುವ ಪಾಲನ್ನು ಬಿಟ್ಟೆನೆಂದು ಮಗಳು ಬರೆದುಕೊಡುವ ಕಾಗದಕ್ಕೆ ಈ ಕಡೆ ಮರಾಠಿಯಲ್ಲಿ ಹಕ್ಕಸೋಡ ಪತ್ರ ಎನ್ನುತ್ತಾರೆ. ಸೋಡುವುದೆಂದರೆ ಬಿಡುವುದು. ಆ ಕಾಗದದ ತುಂಬ ಅವಳು ಬಿಟ್ಟಳು, ಅವಳು ಬಿಟ್ಟಳು ಎಂದೇ ಇರುತ್ತದೆ. ತೆಗೆದುಕೊಂಡವನು ಏನು ಮಾಡಿದ ಎಂಬುದಕ್ಕೆ ಅದರಲ್ಲಿ ಒಂದು ಕ್ರಿಯಾಪದವೂ ಇರುವುದಿಲ್ಲ. ಗುರುನಾಥನ ಅಪ್ಪ ಅಮೃತಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮೂವರು ಮಕ್ಕಳ ಹೆಸರೂ ಏರಿ ಕೂತಿದ್ದವು.

"ಲಗ್ನದ ದಿನಾನ ಯಾಕ್ರಿ?"

"ಬ್ಯಾರೆ ದಿನ ಇಬ್ಬರೂ ಒಂದ ಕಡಿ ಎಲ್ಲಿ ಸಿಗ್ತಾರ? ಸಿಕ್ಕರೂ ಒಂದ ದಿನ ಟೊಂಕ ನೋವು, ಒಂದ ದಿನ ಏಕಾದಶಿ. ಲಗ್ನದಾಗ ಇಲ್ಲ ಅನ್ನಾಕ ಯಾರಿಗೂ ಬಾಯಿ ಬರಾಂಗಿಲ್ಲ. ಬರ್ತದೇನು? ನೀನ ಹೇಳು."

ನಂದಾ ಅಲ್ಲಿಯೇ ಎದ್ದು ಹೋಗಬಹುದಿತ್ತು. ಅಥವಾ ಪೆನ್ನು ಕೆಳಗಿಟ್ಟು, ನನ್ನ ಕೆಲಸ ಮಂಟಪದ ಬಾಗಿಲೊಳಗಿನದು ಎನ್ನಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಕಷ್ಟದ ಗಂಟೊಂದು ಎದುರಿಗೆ ಬಂದರೆ ಬಿಡಿಸಿಯೇ ಬಿಡುವ ಚಟ ಅವಳಿಗೆ. ಗಂಟು ಯಾರ ಕೊರಳಿನದೆಂದು ನೋಡುವ ಪುರಸೊತ್ತು ಆ ಚಟಕ್ಕಿಲ್ಲ. ಪಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಅರಿಸಿನವನ್ನು ಅರ್ಧ ತಾಸು ಹಿಂದೆ ಸರಿಸಿದಳು.

"ಮಾನದ ಸೀರಿ ಯಾವಾಗ ಕೊಡಾವ್ರಿದ್ದೀರಿ?"

"ಅಕ್ಷತಾ ಆದ ಮ್ಯಾಲ."

"ಬ್ಯಾಡ್ರಿ. ಅರಿಷಿಣ ಮುಗದ ಕೂಡ್ಲೆ ಕೊಡ್ರಿ. ಉಡಿಸಿ, ಹೂ ಮುಡಿಸಿ, ಫೋಟೋ ತಗಿಸಿ ಗಾಡಿಗೆ ಹತ್ತಸ್ರಿ. ಅಣ್ಣ ಕೊಟ್ಟ ಸೀರಿ ಮೈಮ್ಯಾಲ ಇದ್ದಾಗ ಯಾ ಹೆಣ್ಮಗಳೂ ಜಗಳ ತಗಿಯಾಂಗಿಲ್ಲ."

ಗುರುನಾಥ ಅವಳನ್ನು ಒಂದು ಗಳಿಗೆ ನೋಡಿದ. "ನೀ ವಕೀಲ ಆಗಬೇಕಿತ್ತ ನೋಡು," ಎಂದ. ನಂದಾಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಮದುವೆಯ ದಿನ ಬೆಳಗ್ಗೆ ಆರಕ್ಕೇ ಜನರೇಟರು ಕೆಮ್ಮಿ ನಿಂತಿತು. ಏಳಕ್ಕೆ ಹೂವಿನವನು ಫೋನ್ ಮಾಡಿ ಗುಲಾಬಿ ಬಂದಿಲ್ಲ, ಶೇವಂತಿ ನಡೆಯುತ್ತದೆಯೇ ಎಂದ. ಎಂಟಕ್ಕೆ ಹುಡುಗಿ ಕಡೆಯ ಬಸ್ಸು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿತು. ಪೇಟದವನು ನಲವತ್ತು ಪೇಟ ಎಂದದ್ದನ್ನು ಹದಿನಾಲ್ಕು ಎಂದು ಕೇಳಿಸಿಕೊಂಡು ಬಂದಿದ್ದ. ನಂದಾ ಕಿವಿಗೊಂದು ಫೋನು, ಕೈಗೊಂದು ಫೋನು ಹಿಡಿದು ನಾಲ್ಕೂ ದಿಕ್ಕಿಗೆ ಓಡಿದಳು. ಕಡಿಮೆ ಬಿದ್ದ ಪೇಟಕ್ಕೆ ಮಂಟಪದ ಕಂಬಕ್ಕೆ ಸುತ್ತಿದ್ದ ಕೇಸರಿ ಬಟ್ಟೆಯನ್ನೇ ಬಿಚ್ಚಿಸಿ ಕತ್ತರಿಸಿದಳು. ತಲೆಯ ಮೇಲೆ ಕಂಬದ ಬಟ್ಟೆ ಹೊತ್ತ ಹಿರಿಯರು ಮೀಸೆ ತಿರುವಿ ಫೋಟೋಕ್ಕೆ ನಿಂತರು. ಯಾರಿಗೂ ಗೊತ್ತಾಗಲಿಲ್ಲ.

ಹತ್ತು ಗಂಟೆಗೆ ಸೀರೆ ಕೊಡುವ ಶಾಸ್ತ್ರ. ದ್ರೌಪದಿ ನಾಗಣಸೂರಿನಿಂದ ಗಂಡ, ಸೊಸೆ, ಮೊಮ್ಮಕ್ಕಳ ದಂಡು ಕಟ್ಟಿಕೊಂಡು ಬಂದಿದ್ದಳು. ಗುರಮ್ಮ ವಾಗದರಿಯಿಂದ ಒಬ್ಬಳೇ ಬಂದಿದ್ದಳು. ಐವತ್ತೆಂಟರ ಹೆಂಗಸು, ಬಿಸಿಲಿಗೆ ಒಣಗಿದ ಕೈ. ಅಮೃತಪ್ಪ ಸಾಯುವ ಮುಂಚೆ ಊರವರೆದುರು ಬಾಯಿಮಾತಿನಲ್ಲಿ ಅವಳಿಗೆಂದು ತೋರಿಸಿದ ಎರಡೆಕರೆ ಬಾವಿಯ ಪಕ್ಕದಲ್ಲಿತ್ತು; ಅಲ್ಲೇ ತಗಡಿನ ಮನೆ, ಎರಡು ಎಮ್ಮೆ, ಅವಳು.

ಗುರುನಾಥ ಹಸಿರು ಇಳಕಲ್ ಸೀರೆಯನ್ನು ಉಡಿಯಲ್ಲಿಟ್ಟಾಗ ಗುರಮ್ಮ ಸೆರಗನ್ನು ಬಿಚ್ಚಿ ಬಿಚ್ಚಿ ನೋಡಿದಳು. "ಅಣ್ಣಾ, ಇದು ಖರೇ ರೇಷ್ಮಿ ಅದಲ್ಲೋ!"

"ನಿನಗಲ್ಲದ ಯಾರಿಗೆ ತರಲಿ," ಎಂದ ಗುರುನಾಥ.

"ಮೂವತ್ತ ವರ್ಷ ಆತು ನನಗ ಯಾರೂ ರೇಷ್ಮಿ ತಂದ," ಎಂದು ಅವಳು ನಂದಾಳ ಕಡೆ ತಿರುಗಿ ನಕ್ಕಳು. "ನೋಡ ತಂಗಿ, ನಮ್ಮಣ್ಣ ಮ್ಯಾಲ ಖಾರಾ, ಒಳಗ ಬೆಲ್ಲ."

ನಂದಾ ಗಡಿಯಾರ ನೋಡಿಕೊಂಡಳು. ಪಟ್ಟಿಗಿಂತ ಎರಡು ನಿಮಿಷ ಮುಂದಿದ್ದರು.

ಎಡವಟ್ಟು ಮಾಡಿದವನು ಯೋಗಿರಾಜ. ನೋಂದಣಿ ಕಚೇರಿಯೆದುರು ದಸ್ತಾವೇಜು ಬರೆಯುವವರ ಬಳಿ ಕೆಲಸಕ್ಕಿದ್ದ ಅವನು ಫೈಲು ಬಗಲಲ್ಲಿಟ್ಟುಕೊಂಡು ಹೆಂಗಸರ ಕೋಣೆಯ ಬಾಗಿಲಿಗೇ ಬಂದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೂಗಿದ: "ಆತ್ಯಾಗೋಳು ಚಲಾ ಚಲಾ! ಸೋಡಪತ್ರಕ್ಕ ಟೈಮ ಆತು. ನಿಮ್ಮ ಎರಡ ಸಹಿ ಬಿದ್ದರ ಆತು, ಅಮೋಲಂದ ರಸ್ತಾ ಮೋಕಳಾ!"

ಹಕ್ಕ ಎಂಬ ಶಬ್ದವನ್ನು ಅವನು ನುಂಗಿದ್ದ. ಕಚೇರಿಯ ಅಂಗಳದಲ್ಲಿ ದಿನಕ್ಕೆ ಹತ್ತು ಸಲ ಹೇಳುವವರು ಪೂರಾ ಹೆಸರು ಎಲ್ಲಿ ಹೇಳುತ್ತಾರೆ?

ಆದರೆ ಗುರಮ್ಮನಿಗೆ ಗೊತ್ತಿದ್ದ ಸೋಡಪತ್ರ ಒಂದೇ. ಗಂಡ ಹೆಂಡತಿಯನ್ನು ಬಿಡುವ ಕಾಗದ. ಅವಳಿಗೆ ಇಪ್ಪತ್ತಾರು ವರ್ಷವಾಗಿದ್ದಾಗ ಗಂಡನ ಊರಿನ ಕಟ್ಟೆಯ ಮೇಲೆ ಐದು ಜನ ಹಿರಿಯರು ಕೂತು, ಸರಕಾರಿ ಕಾಗದ ಎಂದು ಹೇಳಿ ಅಂಥದೊಂದನ್ನು ಅವಳ ಕೈಯಿಂದ ಮಾಡಿಸಿಕೊಂಡಿದ್ದರು. ಸಂಜೆಯ ಹೊತ್ತಿಗೆ ಆ ಮನೆಯಲ್ಲಿ ಮತ್ತೊಬ್ಬಳು ರೊಟ್ಟಿ ಬಡಿಯುತ್ತಿದ್ದಳು.

"ಯಾರದೋ ಸೋಡಪತ್ರ?" ಎಂದು ಅವಳು ಕೇಳಿದಳು.

ಯೋಗಿರಾಜ ಆಗಲೇ ಗಾಡಿಯ ಕಡೆ ಹೋಗಿದ್ದ. ಗುರಮ್ಮ ಕೂತಲ್ಲೇ ಕೂತು ಕೂಡಿಸಿ ಕಳೆದು ನೋಡಿದಳು. ಅಮೋಲನ ರಸ್ತೆ ಮೋಕಳಾ, ಅಂದರೆ ದಾರಿ ಬಯಲು. ಅಮೋಲ ಸ್ಪರ್ಧಾ ಪರೀಕ್ಷೆಗೆ ಓದುತ್ತೇನೆಂದು ಪುಣೆಯಲ್ಲಿ ಎರಡು ವರ್ಷ ಇದ್ದ. ಪರೀಕ್ಷೆ ಪಾಸಾಗಲಿಲ್ಲ. ಅಂದರೆ ಅಲ್ಲಿ ಮತ್ತೇನು ಮಾಡಿದ? ಈಗ ಅದನ್ನು ಬಿಡಿಸಿಕೊಳ್ಳಲು ಅತ್ತೆಯರ ಸಾಕ್ಷಿ. ಅದಕ್ಕೇ ರೇಷ್ಮೆ ಸೀರೆ.

ಅವಳು ಸುಮ್ಮನಿರಬಹುದಿತ್ತು. ಇಡೀ ಕಾರ್ಯಾಲಯದಲ್ಲಿ ಅವಳಷ್ಟು ಸುಮ್ಮನಿರಲು ಕಲಿತವರು ಬೇರೆ ಯಾರೂ ಇರಲಿಲ್ಲ. ಆದರೆ ಅವಳು ಎದ್ದು ನೆಟ್ಟಗೆ ಮದುಮಗಳ ಕೋಣೆಗೆ ಹೋದಳು. ಶೀತಲ ಕನ್ನಡಿಯೆದುರು ಕೂತಿದ್ದಳು. ಕೂದಲಿಗೆ ಪಿನ್ನು ಚುಚ್ಚುತ್ತಿದ್ದ ಹುಡುಗಿಯನ್ನು ಹೊರಗೆ ಕಳಿಸಿ ಗುರಮ್ಮ ಅವಳ ಕೈ ಹಿಡಿದಳು.

"ಯವ್ವಾ, ನೀ ನನ್ನ ಸೊಸಿ ಆಗಾಕಿ. ನಾ ಈಗ ಬಾಯಿ ಮುಚ್ಚಕೊಂಡ ಕೂತರ ನನ್ನ ಬಾಯಾಗ ಹುಳ ಬೀಳತಾವ. ನಮ್ಮ ಅಮೋಲಗ ಮೊದಲೊಂದ ಲಗ್ನ ಆಗೇದ ಕಾಣಸ್ತದ. ಇವತ್ತ ಅದರ ಸೋಡಪತ್ರ ಮಾಡಾಕತ್ಯಾರ. ನನ್ನ ಹಾಂಗ ನಿನಗ ಆಗಬಾರದವ್ವಾ. ಅಕ್ಷತಾ ಬೀಳೂಕಿಂತ ಮೊದಲ ಕೇಳಕೋ."

ಪಿನ್ನಿನ ಹುಡುಗಿ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ಸುದ್ದಿ ಅಡುಗೆಮನೆ ತಲುಪುವ ಹೊತ್ತಿಗೆ ಅಮೋಲನಿಗೆ ಪುಣೆಯಲ್ಲಿ ಒಬ್ಬ ಹೆಂಡತಿ ಇದ್ದಳು. ಊಟದ ಹಾಲಿಗೆ ಬಂದಾಗ ಒಂದು ಮಗು ಹುಟ್ಟಿತ್ತು. ಗಾಡಿಗಳು ನಿಂತಲ್ಲಿಗೆ ಹೋಗುವಷ್ಟರಲ್ಲಿ ತಾಯಿ-ಮಗು ಸೋಲಾಪುರ ಸ್ಟ್ಯಾಂಡಿನಲ್ಲಿ ಇಳಿದು ಅಕ್ಕಲಕೋಟೆಯ ಬಸ್ಸು ಹತ್ತಿದ್ದರು.

ಹನ್ನೊಂದೂ ಹತ್ತಕ್ಕೆ ಶೀತಲಳ ಅಪ್ಪ ಗುರುಸಿದ್ಧ ಹೊಸ ಪೇಟವನ್ನು ಕೈಯಲ್ಲಿ ಹಿಡಿದು ಮಂಟಪದ ನಡುವೆ ನಿಂತ.

"ಬ್ಯಾಂಡ ಬಂದ ಮಾಡ್ರಿ! ಬೀಗರ, ಹೊರಗ ಬರ್ರಿ! ಎರಡನೇ ಸಂಬಂಧಕ್ಕ ನನ್ನ ಮಗಳ ಸಿಕ್ಕಳೇನು ನಿಮಗ?"

"ಏನ ಮಾತ್ರಿ ಇದು? ಯಾರ ಹೇಳಿದವರು?" ಗುರುನಾಥ ಮೆರವಣಿಗೆಯ ಕುದುರೆ ಬಿಟ್ಟು ಓಡಿ ಬಂದ.

"ನಿಮ್ಮ ತಂಗಿನ ಹೇಳ್ಯಾಳ. ಇವತ್ತ ಸೋಡಪತ್ರ ಅದನೋ ಇಲ್ಲೋ? ಹೂಂ ಇಲ್ಲಾ ಉಂಹೂಂ, ಎರಡರಾಗ ಒಂದ ಹೇಳ್ರಿ!"

"ಸೋಡಪತ್ರ ಅದ, ಆದರ..."

"ಅದ ಅಂದ್ರು! ಕೇಳಿದ್ರೇನು ಎಲ್ಲಾರೂ?"

ಕುರ್ಚಿಗಳು ಬಿದ್ದವು. ಹುಡುಗಿಯ ಸೋದರಮಾವಂದಿರು ತೋಳೇರಿಸಿದರು. ಅಮೋಲ ಕುದುರೆಯ ಮೇಲೆ, ಮುಖಕ್ಕೆ ಬಾಸಿಂಗ ಕಟ್ಟಿಕೊಂಡು, ಇಳಿಯಲೂ ಬಾರದೆ ಕೂರಲೂ ಬಾರದೆ ಕೂಗಿದ: "ಅಪ್ಪಾ, ಏನಾತು? ಯಾರ ಬಂದಾರ?"

"ನಿನ್ನ ಹೆಂಡತಿ!" ಎಂದು ಯಾರೋ ಒದರಿದರು.

ನಂದಾ ಯೋಗಿರಾಜನ ಕೈಯಿಂದ ಫೈಲು ಕಸಿದುಕೊಂಡು ಗುಂಪಿನೊಳಗೆ ನುಗ್ಗಿದಳು. ಇಂಥ ಹೊತ್ತಿನಲ್ಲಿ ಎತ್ತರದ ದನಿ ಸಾಲದು, ಎತ್ತರದ ಜಾಗ ಬೇಕು. ಕುರ್ಚಿಯ ಮೇಲೆ ಹತ್ತಿ ನಿಂತಳು.

"ನೀನ ಓದ ತಂಗಿ," ಎಂದ ಗುರುಸಿದ್ಧ. "ನೀ ಯಾರ ಕಡ್ಯಾಕಿನೂ ಅಲ್ಲ."

ಅವಳು ಮರಾಠಿಯ ಸಾಲು ಓದಿ ಓದಿ ಕನ್ನಡಕ್ಕೆ ತಿರುವಿದಳು. ಅಮೃತಪ್ಪನ ಹೆಣ್ಣುಮಕ್ಕಳಾದ ದ್ರೌಪದಿ ಮತ್ತು ಗುರಮ್ಮ ಎಂಬ ನಾವು, ವಾಗದರಿಯ ಹೊಲದಲ್ಲಿರುವ ನಮ್ಮ ಪಾಲಿನ ಹಕ್ಕನ್ನು ಗುರುನಾಥನಿಗೆ ಬಿಟ್ಟುಕೊಟ್ಟಿದ್ದೇವೆ. ಇನ್ನು ಮುಂದೆ ಈ ಹೊಲಕ್ಕೂ ನಮಗೂ ಸಂಬಂಧವಿಲ್ಲ. "ಇದು ಹಕ್ಕಸೋಡ ಪತ್ರ ಅದರಿ. ಹೊಲದ್ದು. ಹೆಂಡತಿದಲ್ಲ."

ಗುರುಸಿದ್ಧ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಏ, ಇಷ್ಟೇನ್ರೀ ಬೀಗರ! ಅಕ್ಕ-ತಂಗೀದ ಹೊಲದ್ದೇನ್ರೀ! ನಾ ಹೆದರಿ ಸತ್ತಿದ್ನಲ್ರಪಾ!"

ನಗು ಹಬ್ಬಿತು. ಮೊದಲ ಸಾಲು ನಕ್ಕಿತು, ಕೊನೆಯ ಸಾಲು ನಕ್ಕಿತು, ಬ್ಯಾಂಡಿನವರು ನಕ್ಕರು. ಬಿದ್ದ ಕುರ್ಚಿಗಳನ್ನು ಎತ್ತಿಟ್ಟುಕೊಂಡು, ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿ ನಕ್ಕರು. ಒಬ್ಬ ಹೆಂಗಸಿಗೆ ಮೋಸವಾಗುತ್ತಿದೆ ಎಂದು ಕುರ್ಚಿ ಎಸೆದವರು, ಮೋಸ ಬೇರೆ ಹೆಂಗಸರಿಗೆ ಎಂದು ತಿಳಿದ ಕೂಡಲೇ ಪೇಟ ಸರಿಮಾಡಿಕೊಂಡು ಕೂತರು. ಅದು ಮೋಸ ಎಂದು ಅವರಿಗೆ ಅನ್ನಿಸಲೂ ಇಲ್ಲ. ಕೂದಲು ಬಾಚುವುದು, ಉಗುರು ಕತ್ತರಿಸುವುದು, ಅಂಥದೊಂದು ಮನೆಗೆಲಸ.

"ನಮ್ಮ ಶೀತಲಂದು ಹಕ್ಕಸೋಡ ಲಗ್ನಪತ್ರಿಕಾ ಛಪಾಸೂಕಿಂತ ಮೊದಲ ಮುಗಿಸೇನಿ ನಾ," ಎಂದು ಗುರುಸಿದ್ಧ ಹೆಮ್ಮೆಯಿಂದ ಹೇಳಿದ. "ನೀವು ತಡಾ ಮಾಡೀರಿ ಬೀಗರ."

ಶೀತಲ ಕೋಣೆಯ ಬಾಗಿಲಿಗೆ ಬಂದಿದ್ದಳು. ಅರ್ಧ ಕೂದಲಿಗಷ್ಟೇ ಪಿನ್ನು ಬಿದ್ದಿತ್ತು. "ಅದು ಲಗ್ನದ ನೋಂದಣಿ ಅಂದಿದ್ದಿ ಅಪ್ಪಾ," ಎಂದಳು.

"ಅದೂ ಮಾಡಸೋಣವ್ವಾ. ಒಳಗ ಹೋಗು, ಗಾಳಿಗೆ ಕುಂಕಮ ಉದರ್ತದ."

ಅವಳು ಒಳಗೆ ಹೋಗಲಿಲ್ಲ. ಗುರಮ್ಮನನ್ನು ನೋಡುತ್ತ ನಿಂತಳು.

ಗುರಮ್ಮ ಫೈಲನ್ನು ನೋಡುತ್ತಿದ್ದಳು. "ಬಾವಿ ಕಡಿ ಎರಡ ಎಕರೆನೂ ಅದರಾಗ ಬರ್ತದೇನ ತಂಗಿ?" ಎಂದು ನಂದಾಳನ್ನು ಕೇಳಿದಳು.

"ಬರ್ತದರಿ ಆತ್ಯಾ. ಎಲ್ಲಾ ಬರ್ತದ."

"ಮನಿ?"

"ಮನಿ ಇದ್ದ ಜಾಗಾನೂ."

"ಅಂದರ ನಾ ತಪ್ಪ ತಿಳಕೊಂಡಿಲ್ಲ," ಎಂದಳು ಗುರಮ್ಮ. "ಸೋಡಪತ್ರಾನ ಅದ ಇದು. ಆವಾಗ ಗಂಡನ ಮನಿ ಸೋಡಿಸಿದ್ರು, ಈಗ ತವರಮನಿ ಸೋಡಸಾಕತ್ಯಾರ. ನಾ ಮಾಡಾಂಗಿಲ್ಲೋ ಅಣ್ಣಾ."

ನಗು ನಿಂತಿತು. ಗುರುನಾಥನ ಮುಖದಲ್ಲಿ ಬೆಲ್ಲವೂ ಇರಲಿಲ್ಲ, ಖಾರವೂ ಇರಲಿಲ್ಲ. ಅಂಗಡಿಯಲ್ಲಿ ತೂಕದ ಕಲ್ಲು ಇಡುವಾಗಿನ ಮುಖವಿತ್ತು.

"ತುಂಬಿದ ಮಂಟಪದಾಗ ನನ್ನ ಮಗನ ಹೆಸರ ಕೆಡಿಸಿದಿ. ನಾ ಒಂದ ಮಾತಾಡಿದೆನೇನು? ಗಾಡಿ ಬಾಗಲಿಗೆ ಅದ. ಹೋಗಿ ಸಹಿ ಮಾಡಿ ಬಾ. ನೀ ಬಂದ ಮ್ಯಾಲ ಅಕ್ಷತಾ. ಅಲ್ಲೀತನಕ ಅಂತರಪಾಟ ಏಳಾಂಗಿಲ್ಲ."

ಅವನು ಮಗನ ಮದುವೆಯನ್ನೇ ಒತ್ತೆ ಇಟ್ಟ. ಒತ್ತೆ ಇಟ್ಟದ್ದು ಅವನು, ಆದರೆ ಹನ್ನೆರಡು ನೂರು ಜನರ ಕಣ್ಣು ತಿರುಗಿದ್ದು ಗುರಮ್ಮನ ಕಡೆ. ಮೆರವಣಿಗೆ ಗುಡಿಗೆ ಹೋಗಿ ಬಂತು. ಹನ್ನೆರಡಾಯಿತು. ಸೆಕೆಗೆ ಮಂಟಪ ಬೇಯತೊಡಗಿತು. ಹಸಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ಕೂತು ಬುದ್ಧಿ ಹೇಳಿ ಎದ್ದರು.

"ಮಕ್ಕಳಿಲ್ಲ ಮರಿಯಿಲ್ಲ, ಹೊಲಾ ಏನ ತಲಿ ಮ್ಯಾಲ ಹೊತಗೊಂಡ ಹೋಗ್ತೀಯೇನವ್ವಾ?"

"ನಾವೂ ಕೊಟ್ಟೀವಿ. ನಮಗೇನ ಕ್ವಾಡ ಮೂಡ್ಯಾವೇನು?"

"ಅನ್ನ ಆರಾಕತ್ತದ ಮಾರಾಯ್ತಿ, ಒಂದ ಸಹಿ ಒಗದ ಬರಬಾರದ?"

ಕೊನೆಗೆ ದ್ರೌಪದಿ ಬಂದಳು. "ನಾ ಹೊಂಟೀನಿ ಗುರಮ್ಮಾ," ಎಂದಳು. "ಹೊಲಕ್ಕ ಅಲ್ಲ. ದೀಪಾವಳಿಗೆ ಒಂದ ಫೋನ ಬರ್ತದಲ್ಲ, 'ಅಕ್ಕಾ ಯಾವಾಗ ಬರ್ತಿ' ಅಂತ. ಅದಕ್ಕ. ನೀ ಹಟ ಮಾಡಬ್ಯಾಡ." ದ್ರೌಪದಿ ಒಬ್ಬಳೇ ಗಾಡಿಯಲ್ಲಿ ಹೋಗಿ ಕೂತಳು. ಗಾಡಿ ಹೊರಡಲಿಲ್ಲ. ಗುರುನಾಥನಿಗೆ ಇಬ್ಬರೂ ಬೇಕಿತ್ತು.

ಹನ್ನೆರಡೂ ಇಪ್ಪತ್ತೆಂಟಕ್ಕೆ ನಂದಾ ವೇದಿಕೆಯ ಕೆಳಗೆ ನಿಂತು ಸುತ್ತ ನೋಡಿದಳು. ಮದುಮಗ ಮಣೆಯ ಮೇಲೆ. ಮದುಮಗಳು ಮಣೆಯ ಮೇಲೆ. ಜನರ ಮುಷ್ಟಿಯಲ್ಲಿ ಅಕ್ಷತೆ. ಗುರುನಾಥ ಬಾಗಿಲ ಬಳಿ ಗಾಡಿಯ ಕಡೆ ಮುಖ ಮಾಡಿ ನಿಂತಿದ್ದ. ಅಯ್ಯನವರು ಅವಳನ್ನೇ ನೋಡುತ್ತಿದ್ದರು. ಅವರಿಗೆ ನಾಗಣಸೂರಿನಲ್ಲಿ ಎರಡು ಗಂಟೆಗೆ ಇನ್ನೊಂದು ಮದುವೆ ಇತ್ತು. ಮೂಲೆಯಲ್ಲಿ ಹಸಿರು ರೇಷ್ಮೆ ಉಟ್ಟ ಹೆಂಗಸು, ಸುತ್ತಲಿನ ನಾಲ್ಕು ಕುರ್ಚಿ ಖಾಲಿ. ಸೀರೆ ಮೊದಲು ಕೊಡಿ ಎಂದವಳು ತಾನು.

ನಂದಾ ಕೈ ಎತ್ತಿದಳು.

ಹುಡುಗ-ಹುಡುಗಿಯ ನಡುವೆ ಅಂತರಪಾಟದ ಬಟ್ಟೆ ಎದ್ದಿತು. ಮೈಕಿನಲ್ಲಿ ಮಂಗಲಾಷ್ಟಕ ಹೊರಟಿತು. ಗುರುನಾಥ "ಏ, ಏ, ನಿಂದ್ರಸ್ರಿ!" ಎನ್ನುತ್ತ ಓಡಿ ಬಂದ. ಆದರೆ ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಹೊಟ್ಟೆ ಹಸಿದು ಕೂತ ಹನ್ನೆರಡು ನೂರು ಜನ "ಸಾವಧಾನ" ಎಂಬುದನ್ನು ಕೇಳಿದ ಮೇಲೆ ಯಾರಪ್ಪ ಬಂದರೂ ನಿಲ್ಲುವುದಿಲ್ಲ. ಅಕ್ಷತೆ ಗುರುನಾಥನ ತಲೆಯ ಮೇಲೂ ಬಿತ್ತು. ಬ್ಯಾಂಡು ಬಡಿಯಿತು. ಮದು‌ವೆ ಆಗಿಹೋಯಿತು.

"ಈ ತಾಲೂಕಿನಾಗ ನೀ ಇನ್ನೊಂದ ಲಗ್ನ ಹ್ಯಾಂಗ ಮಾಡಸ್ತೀ ನೋಡ್ತೀನಿ," ಎಂದು ಗುರುನಾಥ ಅವಳ ಕಿವಿಯಲ್ಲಿ ಹೇಳಿದ. ನಂದಾ ತಲೆಯಾಡಿಸಿದಳು. ಎದೆಯೊಳಗೆ ಏನೋ ಹಗುರಾಗಿತ್ತು. ಗೆದ್ದೆ ಎಂದುಕೊಂಡಳು. ಒಂದು ಮದುವೆ ಸುಸೂತ್ರವಾಯಿತು ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದಳಲ್ಲ, ಹಾಗೆಯೇ.

ಊಟದ ಪಂಗತಿಗಳು ಎದ್ದ ಮೇಲೆ ಮಾನದ ಕಾಯಿ ಕೊಡುವ ಹೊತ್ತು. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕರೆಯಬೇಕು, ಕರೆದವರು ವೇದಿಕೆ ಹತ್ತಬೇಕು, ಗುರುನಾಥ ಕಾಯಿ ಕೊಟ್ಟು ಕೈ ಮುಗಿಯಬೇಕು, ಫೋಟೋ. ಈ ಕಡೆಯ ಮದುವೆಗಳಲ್ಲಿ ಜನ ಊಟ ಬಿಟ್ಟಾರು, ಮೈಕಿನಲ್ಲಿ ತಮ್ಮ ಹೆಸರು ಬಿಡುವುದಿಲ್ಲ. ಪಟ್ಟಿ ಓದುವ ಕೆಲಸ ನಂದಾಳದು. ಪಟ್ಟಿಯಲ್ಲಿ ದ್ರೌಪದಿಯ ಹೆಸರಿನ ಕೆಳಗಿನ ಸಾಲನ್ನು ಯಾರೋ ಪೆನ್ನಿನಿಂದ ಒತ್ತಿ ಹೊಡೆದಿದ್ದರು. ಕಾಗದ ಹರಿದಿತ್ತು.

ಗುರಮ್ಮ ಮೂರನೆಯ ಸಾಲಿಗೆ ಬಂದು ಕೂತಿದ್ದಳು. ಸೆರಗು ಸರಿಮಾಡಿಕೊಂಡಿದ್ದಳು. ಮೈಕು ಕೆಮ್ಮಿದಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು. ಸೋಲಾಪುರದ ದಲಾಲರ ಹೆಸರು ಬಂತು. ಗೊಬ್ಬರದ ಕಂಪನಿಯವನ ಹೆಸರು ಬಂತು. ದ್ರೌಪದಿಯ ಹೆಸರು ಬಂತು. ನಂದಾ ಹರಿದ ಸಾಲನ್ನು ನೋಡಿದಳು, ಮೂರನೆಯ ಸಾಲನ್ನು ನೋಡಿದಳು, ಮತ್ತೊಮ್ಮೆ ತಾನೇ ಎಲ್ಲ ಸರಿಮಾಡಬಲ್ಲೆ ಎಂದುಕೊಂಡಳು.

"ಮದುಮಗನ ಅತ್ತಿಯವರಾದ, ವಾಗದರಿಯ ಗುರಮ್ಮನವರು ವೇದಿಕೆಗೆ ಬರಬೇಕ್ರಿ."

ಗುರಮ್ಮ ಎದ್ದಳು. ಮುಖ ಅರಳಿತ್ತು. ಮೆಟ್ಟಿಲು ಹತ್ತಿ ವೇದಿಕೆಯ ನಡುವೆ ಬಂದು ಎರಡೂ ಕೈಯಿಂದ ಸೆರಗೊಡ್ಡಿ ನಿಂತಳು.

ಗುರುನಾಥ ಕಾಯಿಯ ತಟ್ಟೆಯಿಂದ ಕೈ ತೆಗೆದ. ನೀರು ತರಿಸಿಕೊಂಡು ಕುಡಿದ. ಫೋಟೋದವನಿಗೆ ಲೆನ್ಸು ಒರೆಸಿಕೋ ಎಂದ. ಅಮೋಲ ಮೊಬೈಲು ನೋಡಿಕೊಂಡ. ಶೀತಲ ಒಬ್ಬಳೇ ಎದ್ದು ಬಗ್ಗಿ ಅವಳ ಕಾಲು ಮುಟ್ಟಿದಳು. ಅವಳ ಸೀರೆಗೆ ಗಂಟು ಹಾಕಿದ್ದ ತನ್ನ ಶಲ್ಯವನ್ನು ಅಮೋಲ ಜಗ್ಗಿದಾಗ ತಿರುಗಿ ಕೂರಬೇಕಾಯಿತು. ಗುರಮ್ಮನ ಸೆರಗು ಒಡ್ಡಿಯೇ ಇತ್ತು. ಸಾವಿರ ಕಣ್ಣು ಆ ಖಾಲಿ ಸೆರಗಿನ ಮೇಲಿದ್ದವು. ಗುರುನಾಥ ನಂದಾಳ ಕೈಯಿಂದ ಮೈಕು ತೆಗೆದುಕೊಂಡು ಮುಂದಿನ ಹೆಸರನ್ನು ತಾನೇ ಕರೆದ.

ಗುರಮ್ಮ ಎಷ್ಟು ಹೊತ್ತು ನಿಂತಳೋ. ಮುಂದಿನವರ ಫೋಟೋಕ್ಕೆ ಅಡ್ಡವಾಯಿತೆಂದು ಯಾರೋ ಅಂದಾಗ ಇಳಿದಳು. ನೇರವಾಗಿ ಯೋಗಿರಾಜನ ಬಳಿಗೆ ಹೋದಳು.

"ಎಲ್ಲದ ನಿನ್ನ ಗಾಡಿ?"

ನಂದಾ ಓಡಿ ಬಂದು ತೋಳು ಹಿಡಿದಳು. "ಆತ್ಯಾ, ಬ್ಯಾಡ್ರಿ. ಅಕ್ಷತಾ ಬಿದ್ದದ, ಈಗ ಯಾರೂ ನಿಮಗ ಏನೂ ಮಾಡಾಕ ಬರಾಂಗಿಲ್ಲ. ಎಮ್ಮಿ ಅವ, ಬಾವಿ ಅದ..."

"ಎಮ್ಮಿ ನನ್ನ ಹೆಸರ ಹಿಡದ ಕರೀತಾವೇನ?" ಎಂದಳು ಗುರಮ್ಮ. ಸ್ವಲ್ಪ ತಡೆದು, "ನೀನೂ ಬಾ. ಅಲ್ಲಿ ಅವರ ಮಾತು ನನಗ ತಿಳಿಯಾಂಗಿಲ್ಲ," ಎಂದಳು.

ಕಚೇರಿಯಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಜನ ಕಡಿಮೆ ಇದ್ದರು. ದ್ರೌಪದಿಯ ಸಹಿ ಎರಡು ನಿಮಿಷದಲ್ಲಿ ಮುಗಿಯಿತು. ಗುರುನಾಥ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅಧಿಕಾರಿ ಕನ್ನಡಕ ಸರಿಸಿ ಗುರಮ್ಮನನ್ನು, ಅವಳ ಹಸಿರು ಸೀರೆಯನ್ನು, ಮುಖವನ್ನು ನೋಡಿದರು. ನಂದಾಳ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದರು: ಇವರಿಗೆ ಇವರ ಭಾಷೆಯಲ್ಲಿ ತಿಳಿಸಿ ಹೇಳಿ. ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ ಬಿಡುತ್ತಿದ್ದಾರೆಯೇ ಕೇಳಿ. ಇಲ್ಲ ಎಂದರೆ ನಾನು ದಸ್ತಾವೇಜು ತೆಗೆದುಕೊಳ್ಳುವುದಿಲ್ಲ.

ನಂದಾ ಗುರಮ್ಮನ ಕಡೆ ಬಗ್ಗಿದಳು. "ಆತ್ಯಾ, ನಿಮಗ ಯಾರರೆ ಜೋರ ಮಾಡ್ಯಾರೇನು ಅಂತ ಕೇಳಾಕತ್ಯಾರ. ಮಾಡ್ಯಾರ ಅಂತ ಒಂದ ಮಾತ ಹೇಳ್ರಿ. ಸಾಕು. ಕಾಗದ ಇಲ್ಲೇ ನಿಂದರ್ತದ. ನಾ ಹೇಳ್ತೀನಿ ಸಾಹೇಬರಿಗೆ."

ಗುರಮ್ಮ ಅಧಿಕಾರಿಯನ್ನು ದಿಟ್ಟಿಸಿ ನೋಡಿದಳು. ಒಳ್ಳೆಯ ಮುಖದ ಮನುಷ್ಯ.

"ನಾಳಿ ನಾ ಸತ್ತರ ಎತ್ತಾಕ ನಾಕ ಮಂದಿ ಬೇಕು," ಎಂದಳು. "ಈ ಸಾಹೇಬ ಬರ್ತಾನೇನು? ಕೇಳ ಅವನ್ನ."

ನಂದಾ ಕೇಳಲಿಲ್ಲ.

"ನೀ ಬರ್ತೀಯೇನು?"

ನಂದಾ ಮೇಜಿನ ಮೇಲಿದ್ದ ಕಾಗದ ನೋಡಿದಳು. ಗುರಮ್ಮ ಒಂದು ಉಸಿರಿನಷ್ಟು ಕಾದಳು. ಆಮೇಲೆ ಅವಳ ಕೈ ತಟ್ಟಿದಳು. ಸಿಟ್ಟಿರಲಿಲ್ಲ ಅದರಲ್ಲಿ.

"ಕಾಯ ಮ್ಹಣತಾತ?" ಏನಂತಾರೆ ಎಂದು ಅಧಿಕಾರಿ ಕೇಳಿದರು.

"ಹೂಂ ಅಂತಾಳ ಅಂತ ಹೇಳು ತಂಗಿ," ಎಂದಳು ಗುರಮ್ಮ. "ನಿನ್ನ ಮರಾಠಿ ಛಲೋ ಅದ."

ನಂದಾ ಮೇಜಿನ ಕಡೆ ತಿರುಗಿದಳು.

"ಸ್ವಖುಷೀನೇ," ಎಂದಳು.